ಶಾಲೆಯಲ್ಲಿ ಯಾರಿಗೆ ಹೇಳಬೇಕು, ಎಷ್ಟು ಹೇಳಬೇಕು? ಮಗಳ ಖಿನ್ನತೆ ತರಗತಿಯ ಮಾತಾದ ಮೇಲೆ

ಸೋಮವಾರಪೇಟೆ ಕಡೆಯ ತಾಯಿ:

ಮಗಳು ಒಂಬತ್ತನೇ ತರಗತಿ. ಮಳೆಗಾಲ ಹಿಡಿಯುವ ಹೊತ್ತಿಗೆ ಅವಳ ಊಟ, ನಿದ್ದೆ ಎರಡೂ ಕೆಟ್ಟವು. ಬೆಳಿಗ್ಗೆ ಶಾಲೆಯ ಬಸ್ಸಿನ ಹಾರ್ನ್ ಕೇಳಿದರೆ ಸಾಕು, ಹೊಟ್ಟೆನೋವು ಎಂದು ಮುದುಡಿಕೊಳ್ಳುತ್ತಿದ್ದಳು. ಸ್ಕ್ಯಾನಿಂಗ್ ಮಾಡಿಸಿದೆವು, ಹೊಟ್ಟೆಯಲ್ಲಿ ಏನೂ ಇರಲಿಲ್ಲ. ಅತ್ತೆಯವರ ಸಮಾಧಾನಕ್ಕೆ ಜೋಯಿಸರಲ್ಲಿ ಪ್ರಶ್ನೆಯನ್ನೂ ಕೇಳಿಸಿದೆವು. ಕೊನೆಗೆ ಮನೋವೈದ್ಯರು ನೋಡಿ ಖಿನ್ನತೆ, ಜೊತೆಗೆ ಆತಂಕ ಎಂದರು. ಮಾತ್ರೆ, ಆಪ್ತಸಮಾಲೋಚನೆ ಎರಡೂ ನಡೆಯುತ್ತಿವೆ. ಈಗ ಮನೆಯಲ್ಲಿ ನಗುತ್ತಾಳೆ, ತಮ್ಮನ ಜೊತೆ ಜಗಳವಾಡುತ್ತಾಳೆ. ಆ ಜಗಳ ಕೇಳುವಾಗ ನನಗೆ ಎಷ್ಟು ನೆಮ್ಮದಿ ಎಂದು ಹೇಳಲಾರೆ.

ತೊಂದರೆ ಇರುವುದು ಶಾಲೆಯಲ್ಲಿ. ರಜೆ ಮುಗಿಸಿ ಹೋದ ದಿನ ತರಗತಿಯ ಶಿಕ್ಷಕಿ ಎಲ್ಲರ ಎದುರು, "ಇವಳಿಗೆ ಮನಸ್ಸಿನ ಕಾಯಿಲೆ ಇದೆ, ಯಾರೂ ಕೆಣಕಬೇಡಿ" ಎಂದು ಹೇಳಿದರಂತೆ. ಅವರು ಕೆಟ್ಟ ಮನಸ್ಸಿನಿಂದ ಹೇಳಿಲ್ಲ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಪಕ್ಕದಲ್ಲಿ ಕೂರುತ್ತಿದ್ದ ಹುಡುಗಿಯನ್ನು ಅವಳ ತಾಯಿಯೇ ಶಾಲೆಗೆ ಬಂದು ಬೇರೆ ಬೆಂಚಿಗೆ ಹಾಕಿಸಿದರು. ಹುಡುಗರು ಮಗಳಿಗೆ "ನಿಮ್ಹಾನ್ಸ್" ಎಂದು ಹೆಸರಿಟ್ಟಿದ್ದಾರೆ. ಕೈಲ್ ಮುಹೂರ್ತ ಹಬ್ಬದ ಊಟಕ್ಕೆ ನೆಂಟರ ಮನೆಗೆ ಹೋದರೆ, ಬೇರೆ ತಾಲ್ಲೂಕಿನಲ್ಲಿ ಇರುವವರೊಬ್ಬರು, "ಮಗಳಿಗೆ ಏನೋ ಆಗಿದೆಯಂತೆ" ಎಂದು ಕೇಳಿದರು. ಅಲ್ಲಿಗೆ ಸುದ್ದಿ ಹೇಗೆ ಹೋಯಿತು?

ಮೊನ್ನೆ ಮುಖ್ಯೋಪಾಧ್ಯಾಯಿನಿ ನನ್ನನ್ನು ಕರೆದು, "ಹತ್ತನೇ ತರಗತಿಗೆ ಇನ್ನೂ ಸ್ವಲ್ಪ ಶಾಂತವಾದ ಶಾಲೆ ನೋಡಬಹುದಲ್ಲವೇ" ಎಂದರು. ವರ್ಗಾವಣೆ ಪತ್ರ ತೆಗೆದುಕೊಳ್ಳಿ ಎಂದು ಬಾಯಿಬಿಟ್ಟು ಹೇಳಿಲ್ಲ, ಅಷ್ಟೇ. ಮಗಳು ಶಾಲೆ ಬಿಡಲು ಒಪ್ಪುತ್ತಿಲ್ಲ. ಇಂತಹ ಮಕ್ಕಳನ್ನು ಬೆಳೆಸಿದವರು, ಕಲಿಸಿದವರು ಇಲ್ಲಿ ಇದ್ದರೆ ದಯವಿಟ್ಟು ಹೇಳಿ. ಶಾಲೆಗೆ ಎಷ್ಟು ತಿಳಿಸಬೇಕಿತ್ತು? ಈಗ ಏನು ಮಾಡಬೇಕು?

ನಿರ್ವಾಹಕರು:

ಎಲ್ಲರಲ್ಲಿ ಒಂದು ಕೋರಿಕೆ. ಶಾಲೆಯ ಹೆಸರು, ಊರಿನ ಹೆಸರು, ಮನೆತನದ ಹೆಸರು ಯಾರೂ ಬರೆಯಬೇಡಿ, ಊಹಿಸಿ ಕೇಳಲೂ ಬೇಡಿ. ನಮ್ಮ ಕೊಡಗು ಜಿಲ್ಲೆಯಲ್ಲಿ ಮನೆಹೆಸರು ಒಂದು ತಿಳಿದರೆ ಅಜ್ಜನ ತನಕ ಗುರುತು ಹಿಡಿಯುತ್ತಾರೆ. ಮಕ್ಕಳೂ ಈ ಚರ್ಚೆ ಓದುತ್ತಾರೆ ಎಂಬುದು ನೆನಪಿರಲಿ.

ದ್ವಿತೀಯ ಪಿಯು, ವಿರಾಜಪೇಟೆ:

ಆಂಟಿ, ನನಗೂ ಹತ್ತನೇ ತರಗತಿಯಲ್ಲಿ ಹೀಗೆಯೇ ಆಗಿತ್ತು, ಅದಕ್ಕೆ ಬರೆಯುತ್ತಿದ್ದೇನೆ. ನನಗೆ ಬರುತ್ತಿದ್ದದ್ದು ವಿಪರೀತ ಗಾಬರಿ. ಎದೆ ಹೊಡೆದುಕೊಳ್ಳುತ್ತಿತ್ತು, ಕೈ ಮರಗಟ್ಟುತ್ತಿತ್ತು, ಈಗಲೇ ಸತ್ತುಹೋಗುತ್ತೇನೆ ಅನಿಸುತ್ತಿತ್ತು. ಮೊದಲ ಸಲ ತರಗತಿಯಲ್ಲಿ ಆದಾಗ ಎಲ್ಲರೂ ಹೆದರಿದರು. ಎರಡನೇ ಸಲಕ್ಕೆ, "ಗಣಿತ ಪರೀಕ್ಷೆ ಇದ್ದ ದಿನವೇ ಯಾಕೆ ಬರುತ್ತದೆ, ನಾಟಕ" ಎಂದರು. ಪರೀಕ್ಷೆ ಇದ್ದ ದಿನವೇ ಬರುತ್ತದೆ ಎಂಬುದು ನಿಜ. ಅದು ಆತಂಕ, ಬರಬೇಕಾದದ್ದೇ ಆಗ!

ನಮ್ಮ ಶಾಲೆಯಲ್ಲಿ ಆಪ್ತಸಮಾಲೋಚಕರು ಬರುತ್ತಿದ್ದರು. ಆದರೆ ಅವರ ಕೋಣೆ ಪ್ರಾಂಶುಪಾಲರ ಕೋಣೆಯ ಪಕ್ಕದಲ್ಲೇ ಇತ್ತು. ಅಲ್ಲಿ ಬೆಂಚಿನ ಮೇಲೆ ಕೂತಿದ್ದರೆ ಶಿಕ್ಷೆಗೆ ಬಂದವರು ಎಂದೇ ಅರ್ಥ. ಅದೂ ಅಲ್ಲದೆ ಪಾಠದ ನಡುವೆ ಆಯಾ ಬಂದು, "ಕೌನ್ಸೆಲಿಂಗ್‌ಗೆ ಕರೆಯುತ್ತಿದ್ದಾರೆ" ಎಂದು ಹೆಸರು ಹಿಡಿದು ಕೂಗುತ್ತಿದ್ದರು. ಇಡೀ ತರಗತಿ ತಿರುಗಿ ನೋಡುತ್ತಿತ್ತು. ನಾನು ಎದ್ದು ಹೋಗುತ್ತಲೇ ಇರಲಿಲ್ಲ. ಆಮೇಲೆ ನನ್ನ ಹೆಸರಿನ ಮುಂದೆ "ಸಹಕರಿಸುವುದಿಲ್ಲ" ಎಂದು ಬರೆದರಂತೆ.

ನಿಮ್ಮ ಮಗಳಿಗೆ ಹೇಳಿ: ಹೆಸರಿಡುವವರು ಹೊಸ ಹೆಸರು ಸಿಕ್ಕಿದರೆ ಅತ್ತ ಹೋಗುತ್ತಾರೆ. ನನಗೆ ಹೆಚ್ಚು ನೋವಾದದ್ದು ಗೆಳತಿಯರು ನನ್ನ ಹತ್ತಿರ ಧ್ವನಿ ತಗ್ಗಿಸಿ, ಜಾಗ್ರತೆಯಿಂದ ಮಾತನಾಡಲು ಶುರು ಮಾಡಿದ್ದು. ಮೊದಲಿನ ಹಾಗೆ ಬಯ್ದುಕೊಂಡು ಟಿಫಿನ್ ಕಿತ್ತುಕೊಂಡಿದ್ದರೆ ಸಾಕಿತ್ತು.

ನಿವೃತ್ತ ಸುಬೇದಾರ್:

ತಾಯಿಯ ಸಂಕಟ ಅರ್ಥವಾಗುತ್ತದೆ. ಆದರೂ ನನ್ನ ಅಭಿಪ್ರಾಯ ಬೇರೆ. ಶಾಲೆಗೆ ತಿಳಿಸಿದ್ದು ಸರಿಯೇ. ಮೂವತ್ತು ನಲವತ್ತು ಮಕ್ಕಳ ಹೊಣೆ ಹೊತ್ತವರಿಗೆ ಯಾವ ಮಗುವಿಗೆ ಏನಿದೆ ಎಂದು ಗೊತ್ತಿರಬೇಕು. ಆಟದ ಮೈದಾನದಲ್ಲಿ, ಚಾರಣದಲ್ಲಿ, ಎನ್‌ಸಿಸಿ ಶಿಬಿರದಲ್ಲಿ ಮಗು ಕುಸಿದರೆ ಯಾರು ಹೊಣೆ? ಗುಟ್ಟು ಮಾಡಿದಷ್ಟೂ ಜನರ ಬಾಯಿ ದೊಡ್ಡದಾಗುತ್ತದೆ. ಕಾಲು ಮುರಿದದ್ದನ್ನು ಮುಚ್ಚಿಡುತ್ತೇವೆಯೇ? ಇದನ್ನೂ ಧೈರ್ಯವಾಗಿ ಹೇಳುವಂತಾಗಬೇಕು. ಮಕ್ಕಳನ್ನು ಬೆಳಿಗ್ಗೆ ಎಬ್ಬಿಸಿ ಓಡಿಸಬೇಕು, ಹಾಕಿ ಕೋಲು ಕೈಗೆ ಕೊಡಬೇಕು ಎಂಬುದೂ ನನ್ನ ನಂಬಿಕೆ. ಅದು ಮದ್ದಿಗೆ ಬದಲು ಎನ್ನುತ್ತಿಲ್ಲ, ಮದ್ದಿನ ಜೊತೆಗೆ.

ಹೈಸ್ಕೂಲು ಮೇಷ್ಟ್ರು:

ಸುಬೇದಾರ್ ಸರ್, ಹೊಣೆ ಹೊತ್ತವರಿಗೆ ಗೊತ್ತಿರಬೇಕು ಎಂಬ ಮಾತನ್ನು ಒಪ್ಪುತ್ತೇನೆ. ಪ್ರಶ್ನೆ ಇರುವುದು ಆ "ಹೊಣೆ ಹೊತ್ತವರು" ಎಷ್ಟು ಜನ ಎಂಬುದರಲ್ಲಿ. ಶಿಕ್ಷಕರ ಕೊಠಡಿಯಲ್ಲಿ ಒಬ್ಬರಿಗೆ ಹೇಳಿದ್ದು ಮಧ್ಯಾಹ್ನದ ಚಹಾದ ಹೊತ್ತಿಗೆ ಎಲ್ಲರಿಗೂ ತಿಳಿಯುತ್ತದೆ. ಅಲ್ಲಿ ಯಾರೂ ಕೇಡಿಗರಲ್ಲ. "ಪಾಪ, ಆ ಹುಡುಗಿಗೆ ಹೀಗಂತೆ" ಎಂದು ಕರುಣೆಯಿಂದಲೇ ಮಾತು ಹೊರಡುತ್ತದೆ. ಅದೇ ಕೊಠಡಿಯಲ್ಲಿ ಆ ಹುಡುಗಿಯ ಚಿಕ್ಕಮ್ಮನ ನಾದಿನಿಯೂ ಕೂತಿರುತ್ತಾರೆ. ನಮ್ಮ ಜಿಲ್ಲೆಯ ಶಾಲೆಗಳಲ್ಲಿ ಇದು ಅಪರೂಪವೇನಲ್ಲ. ಬೆಂಗಳೂರಿನಲ್ಲಿ ಶಿಕ್ಷಕಿ ಬಾಯಿತಪ್ಪಿ ಹೇಳಿದರೆ ಆ ತರಗತಿಗೆ ಗೊತ್ತಾಗುತ್ತದೆ. ಇಲ್ಲಿ ಹೇಳಿದರೆ ಒಕ್ಕಕ್ಕೆ (ಇಡೀ ಮನೆತನಕ್ಕೆ), ಸಂತೆಗೆ, ಮುಂದೆ ಮದುವೆ ಮಾತುಕತೆಗೂ ಹೋಗಿ ಮುಟ್ಟುತ್ತದೆ. ತಂದೆತಾಯಂದಿರು ಹೆದರುವುದು ಇದಕ್ಕೇ. ಅವರ ಹೆದರಿಕೆಯನ್ನು ಮೂಢತನ ಎಂದು ತಳ್ಳಿಹಾಕುವುದು ನನಗೆ ಒಪ್ಪಿಗೆಯಿಲ್ಲ.

ನಾನು ಪಾಲಿಸುವ ಕ್ರಮ ಹೇಳುತ್ತೇನೆ. ಮಗುವಿಗೆ ಯಾರ ಮೇಲೆ ನಂಬಿಕೆ ಇದೆಯೋ ಆ ಒಬ್ಬ ಶಿಕ್ಷಕರಿಗೆ ವಿಷಯ ತಿಳಿದಿರುತ್ತದೆ, ಮುಖ್ಯೋಪಾಧ್ಯಾಯರಿಗೆ ತಿಳಿದಿರುತ್ತದೆ. ಉಳಿದ ಶಿಕ್ಷಕರಿಗೆ ಕಾಯಿಲೆಯ ಹೆಸರು ಬೇಕಿಲ್ಲ. ಅವರಿಗೆ ಬೇಕಾದದ್ದು ಏನು ಮಾಡಬೇಕು ಎಂಬ ಸೂಚನೆ ಮಾತ್ರ. "ಈ ಹುಡುಗ ಎದ್ದು ಹೊರಗೆ ಹೋದರೆ ತಡೆಯಬೇಡಿ, ನೀರಿನ ನಲ್ಲಿಯ ತನಕ ಹೋಗಿ ಬರುತ್ತಾನೆ. ಏಕಾಏಕಿ ನಿಲ್ಲಿಸಿ ಪ್ರಶ್ನೆ ಕೇಳಬೇಡಿ. ನೋಟ್ಸ್ ತಡವಾದರೆ ನನಗೆ ತಿಳಿಸಿ." ಇಷ್ಟೇ. ಬೆಳಗಿನ ಮಾತ್ರೆಯಿಂದ ಮೊದಲ ಅವಧಿಯಲ್ಲಿ ತೂಕಡಿಕೆ ಬರುವ ಮಕ್ಕಳಿದ್ದಾರೆ. ಅವರನ್ನು ಎಬ್ಬಿಸಿ ನಿಲ್ಲಿಸುವುದನ್ನು ಒಬ್ಬರು ನಿಲ್ಲಿಸಿದರೂ ಆ ಮಗುವಿಗೆ ಅರ್ಧ ಶಾಲೆ ಗೆದ್ದಂತೆ.

ತರಬೇತಿಯ ವಿಷಯ. ಆಯುಷ್ಮಾನ್ ಭಾರತದ ಶಾಲಾ ಆರೋಗ್ಯ ಕಾರ್ಯಕ್ರಮ 2020ರಲ್ಲಿ ಶುರುವಾಯಿತು. ಪ್ರತಿ ಶಾಲೆಯಿಂದ ಇಬ್ಬರು ಶಿಕ್ಷಕರನ್ನು, ಸಾಧ್ಯವಾದರೆ ಒಬ್ಬರು ಪುರುಷ, ಒಬ್ಬರು ಮಹಿಳೆ, ಆರೋಗ್ಯ ರಾಯಭಾರಿಗಳಾಗಿ ತಯಾರು ಮಾಡಬೇಕು ಎಂದಿದೆ. ಅದರ 11 ವಿಷಯಗಳಲ್ಲಿ ಭಾವನಾತ್ಮಕ ಯೋಗಕ್ಷೇಮ, ಮಾನಸಿಕ ಆರೋಗ್ಯವೂ ಒಂದು. ಒಳ್ಳೆಯ ಪಠ್ಯ, ಒಳ್ಳೆಯ ಚಟುವಟಿಕೆ. ಆದರೆ ಮಗು ಬಂದು ಹೇಳಿಕೊಂಡದ್ದನ್ನು ಶಿಕ್ಷಕ ತನ್ನಲ್ಲೇ ಹೇಗೆ ಇಟ್ಟುಕೊಳ್ಳಬೇಕು, ಯಾವಾಗ ಇಟ್ಟುಕೊಳ್ಳಬಾರದು ಎಂಬುದಕ್ಕೆ ಇನ್ನೂ ಹೆಚ್ಚು ಸಮಯ ಕೊಡಬೇಕಿತ್ತು. ನಾವು ಎಡವುವುದು ಅಲ್ಲೇ.

ಅಮ್ಮಾ, ನಿಮ್ಮ ಮಗಳ ವಿಷಯದಲ್ಲಿ ಮಾತು ಈಗಾಗಲೇ ಹೊರಬಿದ್ದಿದೆ. ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ಆಗುವುದಿಲ್ಲ. ಇನ್ನು ಮುಂದೆ ಏನು ಹೇಳಬೇಕು ಎಂಬುದನ್ನು ಅವಳೇ ನಿರ್ಧರಿಸಲಿ. ಶಿಕ್ಷಕಿಯನ್ನು ಒಬ್ಬರನ್ನೇ ಕಂಡು ಮಾತನಾಡಿ. "ನೀವು ಕಾಳಜಿಯಿಂದ ಹೇಳಿದ್ದೀರಿ, ಇನ್ನು ಮುಂದೆ ಅವಳನ್ನು ಕೇಳಿ ಹೇಳಿ" ಎಂದರೆ ಹೆಚ್ಚಿನವರಿಗೆ ಅರ್ಥವಾಗುತ್ತದೆ.

ಹೆಸರು ಬೇಡ:

ನನ್ನ ಮಗ ಹತ್ತನೇ ತರಗತಿ. ಚಿಕಿತ್ಸೆ ನಡೆಯುತ್ತಿದೆ. ಶಾಲೆಗೆ ಹೇಳಿಲ್ಲ, ಅಣ್ಣತಮ್ಮಂದಿರಿಗೂ ಹೇಳಿಲ್ಲ. ಮಡಿಕೇರಿಯಲ್ಲಿ ಮನೋವೈದ್ಯರ ಕೊಠಡಿಯ ಹೊರಗೆ ಕೂತಿದ್ದರೆ ಪರಿಚಯದವರು ಯಾರಾದರೂ ನೋಡದೆ ಇರುವುದಿಲ್ಲ ಎಂದು ಮೈಸೂರಿಗೆ ಹೋಗುತ್ತೇವೆ. ಒಂದು ದಿನದ ಕೂಲಿ ಹೋಗುತ್ತದೆ, ಬಸ್ ಖರ್ಚು ಬೇರೆ. ಕಾಫಿ ಕೊಯ್ಲಿನ ಸಮಯದಲ್ಲಿ ಒಂದು ಭೇಟಿ ತಪ್ಪಿಯೇ ಹೋಯಿತು. ಆದರೂ ಅವನು ತರಗತಿಯಲ್ಲಿ ಎಲ್ಲರಂತೆ ಇದ್ದಾನೆ. ಧೈರ್ಯವಾಗಿ ಹೇಳಿ ಎನ್ನುವವರಿಗೆ ಒಂದೇ ಮಾತು: ಅದರ ಬೆಲೆ ಕೊಡಬೇಕಾದವನು ನನ್ನ ಮಗ, ನೀವಲ್ಲ.

ಸೋಮವಾರಪೇಟೆ ಕಡೆಯ ತಾಯಿ:

ಎಲ್ಲರಿಗೂ ನಮಸ್ಕಾರ. ಪಿಯು ಹುಡುಗಿ ಬರೆದದ್ದನ್ನು ಮಗಳಿಗೆ ತೋರಿಸಿದೆ. "ಟಿಫಿನ್ ಕಿತ್ತುಕೊಂಡಿದ್ದರೆ ಸಾಕಿತ್ತು" ಎಂಬುದನ್ನು ಮತ್ತೆ ಮತ್ತೆ ಓದಿದಳು. ಮೇಷ್ಟ್ರೇ, ನೀವು ಹೇಳಿದ ಹಾಗೆ ಶಿಕ್ಷಕಿಯನ್ನು ಕಾಣುತ್ತೇನೆ. ಆದರೆ ಮುಖ್ಯೋಪಾಧ್ಯಾಯಿನಿಯ ಮಾತಿಗೆ ಏನು ಉತ್ತರ ಕೊಡಲಿ? ಖಾಸಗಿ ಅನುದಾನರಹಿತ ಶಾಲೆ. ಕಾಯಿಲೆಯ ಕಾರಣಕ್ಕೆ ಮಗುವನ್ನು ಕಳುಹಿಸಲು ಅವರಿಗೆ ಅಧಿಕಾರ ಇದೆಯೇ? ಹಾಜರಿ ಕೊರತೆಯನ್ನೂ ಮುಂದಿಡುತ್ತಿದ್ದಾರೆ.

ಮಡಿಕೇರಿಯ ವಕೀಲೆ:

ಮೊದಲು ಒಂದು ಸಲಹೆ. ಅವರು ಬಾಯಿಮಾತಿನಲ್ಲಿ ಹೇಳಿದ್ದಕ್ಕೆ ನೀವು ಬಾಯಿಮಾತಿನಲ್ಲಿ ಒಪ್ಪಬೇಡಿ. ವರ್ಗಾವಣೆ ಪತ್ರಕ್ಕೆ ಅರ್ಜಿ ಕೊಡಬೇಕಾದವರು ಪೋಷಕರು. ನೀವು ಅರ್ಜಿ ಕೊಟ್ಟ ಮರುಗಳಿಗೆ ಅದು "ಪೋಷಕರ ಇಚ್ಛೆ" ಆಗಿಬಿಡುತ್ತದೆ.

ಕಾನೂನು ಹೀಗಿದೆ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2016ರ ಅನುಸೂಚಿಯಲ್ಲಿ ಮಾನಸಿಕ ಕಾಯಿಲೆಯೂ ಇದೆ. ಸರ್ಕಾರದ ಅನುದಾನ ಪಡೆದ ಶಾಲೆಯಷ್ಟೇ ಅಲ್ಲ, ಮಾನ್ಯತೆ ಪಡೆದ ಶಾಲೆಯೂ ತಾರತಮ್ಯ ಮಾಡದೆ ಸೇರಿಸಿಕೊಳ್ಳಬೇಕು ಎಂದು 16ನೇ ಕಲಮು ಹೇಳುತ್ತದೆ. ಆದರೆ ಆ ಕಾಯ್ದೆ ಮಾತನಾಡುವುದು ದೀರ್ಘಕಾಲದ ತೊಂದರೆಯ ಬಗ್ಗೆ. ಕೆಲವು ತಿಂಗಳಲ್ಲಿ ಗುಣವಾಗುವ ಖಿನ್ನತೆಗೆ ಅದನ್ನು ನೇರವಾಗಿ ಎಳೆಯುವುದು ಕಷ್ಟ. ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಕಲಮು ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸುತ್ತದೆ, ಅದರ ವ್ಯಾಪ್ತಿ 14 ವರ್ಷದವರೆಗೆ, ಎಂಟನೇ ತರಗತಿಯ ತನಕ. ಹದಿಹರೆಯ ಕಾವೇರುವ ವಯಸ್ಸಿಗೆ ಸರಿಯಾಗಿ ಆ ರಕ್ಷಣೆ ಮುಗಿಯುತ್ತದೆ ಎಂಬುದು ನನ್ನನ್ನು ಬಹಳ ಕಾಡುವ ವಿಷಯ.

ನಿಮಗೆ ಹೆಚ್ಚು ಉಪಯೋಗಕ್ಕೆ ಬರುವುದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಕೊಟ್ಟ ತೀರ್ಪು. ವಿಶಾಖಪಟ್ಟಣದಲ್ಲಿ ನೀಟ್ ತರಬೇತಿಯಲ್ಲಿದ್ದ ವಿದ್ಯಾರ್ಥಿನಿಯೊಬ್ಬಳ ಸಾವಿನ ಪ್ರಕರಣದಲ್ಲಿ ನ್ಯಾಯಾಲಯ ದೇಶದ ಎಲ್ಲ ಶಿಕ್ಷಣ ಸಂಸ್ಥೆಗಳಿಗೂ ಮಾರ್ಗಸೂಚಿ ಹೊರಡಿಸಿತು. ಸಂಸತ್ತು ಕಾನೂನು ಮಾಡುವವರೆಗೆ ಅದೇ ಕಾನೂನು. 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಕಡೆ ತರಬೇತಿ ಪಡೆದ ಒಬ್ಬ ಆಪ್ತಸಮಾಲೋಚಕರಾದರೂ ಇರಬೇಕು. ಅದಕ್ಕಿಂತ ಚಿಕ್ಕ ಶಾಲೆಗಳು ಹೊರಗಿನ ತಜ್ಞರೊಂದಿಗೆ ಅಧಿಕೃತ ಏರ್ಪಾಡು ಮಾಡಿಕೊಳ್ಳಬೇಕು. ಸಿಬ್ಬಂದಿಗೆ ವರ್ಷಕ್ಕೆ ಎರಡು ಸಲವಾದರೂ ತರಬೇತಿ ಆಗಬೇಕು. "ನಮ್ಮಲ್ಲಿ ಆಪ್ತಸಮಾಲೋಚಕರ ವ್ಯವಸ್ಥೆ ಹೇಗಿದೆ, ಮಗಳಿಗೆ ಅದು ಯಾವಾಗ ಸಿಗುತ್ತದೆ" ಎಂದು ಶಾಲೆಗೆ ಸೌಜನ್ಯದಿಂದ ಒಂದು ಪತ್ರ ಬರೆಯಿರಿ, ಪ್ರತಿ ಇಟ್ಟುಕೊಳ್ಳಿ. ಶಾಂತವಾದ ಶಾಲೆ ನೋಡಿ ಎಂಬ ಮಾತು ಬಹುಮಟ್ಟಿಗೆ ಅಲ್ಲಿಗೆ ನಿಲ್ಲುತ್ತದೆ. ನಿಲ್ಲದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿ, ಆಮೇಲೆ ಉಪನಿರ್ದೇಶಕರು, ಅದರಾಚೆಗೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ.

ಗೋಪ್ಯತೆಯ ಬಗ್ಗೆ ಒಂದು ಮಾತು. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ 23ನೇ ಕಲಮು ಚಿಕಿತ್ಸೆಯ ಮಾಹಿತಿಯನ್ನು ಗುಟ್ಟಾಗಿ ಇಡಬೇಕೆಂದು ಹೇಳುತ್ತದೆ. ಅದು ಕಟ್ಟಿಹಾಕುವುದು ಚಿಕಿತ್ಸೆ ಕೊಡುವವರನ್ನು. ಮೇಷ್ಟ್ರ ಬಾಯಿಗೆ ಅದರಲ್ಲಿ ನೇರವಾದ ಬೀಗ ಇಲ್ಲ. ಹಾಗಾಗಿ ಶಾಲೆಗೆ ಕೊಡುವ ಪತ್ರದಲ್ಲೇ "ಈ ಮಾಹಿತಿಯನ್ನು ಇಂತಹ ಇಬ್ಬರನ್ನು ಬಿಟ್ಟು ಬೇರೆಯವರಿಗೆ ತಿಳಿಸಬಾರದು" ಎಂದು ಬರೆಯುವುದು ಒಳ್ಳೆಯದು.

ತಾಲ್ಲೂಕು ಆಸ್ಪತ್ರೆಯ ಸಿಸ್ಟರ್:

ಹಾಜರಿಯ ಬಗ್ಗೆ ವಕೀಲರು ಬರೆದಿಲ್ಲ, ನಾನು ಹೇಳುತ್ತೇನೆ. ಎಸ್ಸೆಸ್ಸೆಲ್ಸಿಗೆ ಶೇ 75 ಹಾಜರಿ ಬೇಕು, ಆದ್ದರಿಂದ ಈ ವರ್ಷವೇ ಎಚ್ಚರವಿರಲಿ. ವೈದ್ಯಕೀಯ ಪ್ರಮಾಣಪತ್ರ ಬರೆಸುವಾಗ, ಶಾಲೆಗೆ ಅಗತ್ಯವಿರುವುದಕ್ಕಿಂತ ಹೆಚ್ಚು ವಿವರ ಬೇಡ ಎಂದು ವೈದ್ಯರಲ್ಲಿ ಕೇಳಿಕೊಳ್ಳಿ. ಅಂಟಿಸಿದ ಲಕೋಟೆಯಲ್ಲಿ ಮುಖ್ಯೋಪಾಧ್ಯಾಯಿನಿಯ ಕೈಗೇ ಕೊಡಿ. ಕಚೇರಿಯ ಮೇಜಿನ ಮೇಲೆ ಇಟ್ಟು ಬಂದರೆ ಆ ದಿನವೇ ನಾಲ್ಕು ಜನ ಓದುತ್ತಾರೆ.

ಹೆಸರು ಬೇಡ ಎಂದ ಅಣ್ಣನಿಗೆ: ನೀವು ಮೈಸೂರಿಗೆ ಹೋಗುವುದರಲ್ಲಿ ತಪ್ಪಿಲ್ಲ. ನನ್ನ ಕಳವಳ ತಪ್ಪಿಹೋದ ಭೇಟಿಯದ್ದು. ಖಿನ್ನತೆಯ ಮಾತ್ರೆಗಳು ಪರಿಣಾಮ ತೋರಿಸಲು ಎರಡರಿಂದ ನಾಲ್ಕು ವಾರವಾದರೂ ಬೇಕು, ಕೆಲವರಿಗೆ ಇನ್ನೂ ಹೆಚ್ಚು. ಸರಿಹೋದ ಮೇಲೂ ವೈದ್ಯರು ಹೇಳದೆ ಒಮ್ಮೆಲೇ ನಿಲ್ಲಿಸಬಾರದು. ಹದಿಹರೆಯದವರಲ್ಲಿ ಮಾತ್ರೆ ಶುರುಮಾಡಿದ ಮೊದಲ ಕೆಲವು ವಾರ, ಪ್ರಮಾಣ ಬದಲಿಸಿದಾಗಲೂ, ಹತ್ತಿರದಿಂದ ಗಮನಿಸಬೇಕು. ಚಡಪಡಿಕೆ ಹೆಚ್ಚಾದರೆ, ಸಾಯುವ ಮಾತು ಬಂದರೆ ಆ ದಿನವೇ ವೈದ್ಯರಿಗೆ ತಿಳಿಸಬೇಕು. ದೂರದ ಊರಿನ ವೈದ್ಯರಾದರೆ ಇದು ಕಷ್ಟ. ಮಡಿಕೇರಿಯ ಸರ್ಕಾರಿ ವೈದ್ಯಕೀಯ ಕಾಲೇಜು 2016ರಲ್ಲಿ ಶುರುವಾದ ಮೇಲೆ ಜಿಲ್ಲೆಯಲ್ಲೇ ಮನೋವೈದ್ಯಕೀಯ ವಿಭಾಗ ಸಿಗುತ್ತದೆ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಲ್ಲೂ ಮನೋವೈದ್ಯರು ನೋಡುತ್ತಾರೆ. ನಿಮ್ಮ ತಾಲ್ಲೂಕಿಗೆ ಯಾವ ವಾರ ಎಂದು ಫೋನ್ ಮಾಡಿ ಕೇಳಿಕೊಂಡು ಹೋಗಿ. ಹದಿಹರೆಯದ ಮಕ್ಕಳಿಗೆಂದೇ ಸ್ನೇಹ ಕ್ಲಿನಿಕ್ ಇದೆ. ಅಲ್ಲಿ ಮೊಡವೆಯಿಂದ ಹಿಡಿದು ಮುಟ್ಟಿನ ತೊಂದರೆಯವರೆಗೆ ಎಲ್ಲಕ್ಕೂ ಬರುತ್ತಾರೆ. ಹಾಗಾಗಿ ಅಲ್ಲಿ ಕೂತ ಮಗುವನ್ನು ನೋಡಿ ಯಾರೂ ಏನೂ ಹೇಳಲು ಆಗುವುದಿಲ್ಲ.

ಇಂತಹ ಮಗು ಸಾವಿರಕ್ಕೊಂದು ಎಂದು ಶಾಲೆಗಳು ತಿಳಿದಿವೆ. ನಿಮ್ಹಾನ್ಸ್ ಮುನ್ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರಲ್ಲಿ ಶೇ 7.3 ಮಂದಿಗೆ ಯಾವುದಾದರೊಂದು ಮಾನಸಿಕ ತೊಂದರೆ ಕಂಡುಬಂದಿತ್ತು. 40 ಮಕ್ಕಳ ತರಗತಿಯಲ್ಲಿ ಮೂವರು ಎಂದಾಯಿತು. ಆ ಶಿಕ್ಷಕಿ ನಿಮ್ಮ ಮಗಳ ಹೆಸರು ಹೇಳಿದಾಗ ಅದೇ ತರಗತಿಯಲ್ಲಿ ಇನ್ನಿಬ್ಬರು ಕೇಳಿಸಿಕೊಂಡಿರುತ್ತಾರೆ. ಅವರು ಇನ್ನು ಬಾಯಿಬಿಡುತ್ತಾರೆಯೇ? ನನಗೆ ನಿದ್ದೆ ಕೆಡಿಸುವುದು ಆ ಇಬ್ಬರು.

ಇನ್ನೊಂದು ವಿಷಯ, ಕೊಡಗಿನವರೆಲ್ಲ ದಯವಿಟ್ಟು ಕೇಳಿಸಿಕೊಳ್ಳಿ. ನಮ್ಮ ಬಹಳ ಮನೆಗಳಲ್ಲಿ ಕೋವಿ ಇದೆ, ಅದು ನಮ್ಮ ಹೆಮ್ಮೆ. ತೋಟದ ಮನೆ ಎಂದರೆ ಕೀಟನಾಶಕವೂ ಇರುತ್ತದೆ. ಮನೆಯಲ್ಲಿ ಮನಸ್ಸು ಕುಗ್ಗಿದ ಮಗು ಇದ್ದರೆ ಕೋವಿ ಬೀಗದೊಳಗಿರಲಿ, ಗುಂಡುಗಳು ಬೇರೆ ಕಡೆ ಬೇರೆ ಬೀಗದೊಳಗಿರಲಿ, ಕೀಲಿ ದೊಡ್ಡವರ ಮೈಮೇಲೇ ಇರಲಿ. ಕೀಟನಾಶಕವನ್ನೂ ಮನೆಯ ಹತ್ತಿರ ಇಡಬೇಡಿ. ಸಂಕಟದ ಆ ಗಳಿಗೆ ಬಹಳ ಸಲ ಬೇಗ ಕಳೆದುಹೋಗುತ್ತದೆ, ಅಷ್ಟು ಹೊತ್ತು ಕೈಗೆ ಏನೂ ಸಿಗದಿದ್ದರೆ ಜೀವ ಉಳಿಯುತ್ತದೆ. "ಸಾಯಬೇಕು ಅನಿಸುತ್ತಿದೆಯಾ ಮಗ" ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ.

ಮಕ್ಕಂದೂರು ಕಡೆಯವನು:

ನನ್ನ ತಮ್ಮನ ವಿಷಯ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಅವನು ಚಿಕ್ಕ ಹುಡುಗ. ರಾತ್ರಿ ಮಳೆಯಲ್ಲಿ ಅಪ್ಪನ ಹೆಗಲ ಮೇಲೆ ಕೂತು ಬಂದವನು. ಪರಿಹಾರ ಕೇಂದ್ರ, ಆಮೇಲೆ ನೆಂಟರ ಮನೆ, ಆಮೇಲೆ ಹೊಸ ಮನೆ. ಈಗ ಹೈಸ್ಕೂಲು. ಜೂನ್ ಬಂತೆಂದರೆ ಅವನ ಮುಖ ಬಿಳುಚುತ್ತದೆ. ಶಾಲೆಯ ತಗಡಿನ ಚಾವಣಿಯ ಮೇಲೆ ಜೋರಾಗಿ ಮಳೆ ಬಿದ್ದರೆ ಕಿವಿ ಮುಚ್ಚಿಕೊಂಡು ಬೆಂಚಿನ ಕೆಳಗೆ ಕೂರುತ್ತಾನೆ. ಒಂದು ಸಲ ಬಟ್ಟೆ ಒದ್ದೆಯಾಯಿತು. ಅದನ್ನು ಮೊಬೈಲಿನಲ್ಲಿ ಹಿಡಿದು ಹಂಚಿಕೊಂಡರು.

ಊರಿನವರಿಗೆ ಮನೆ, ರಸ್ತೆ, ತೋಟದ ನಷ್ಟ ಎಲ್ಲ ನೆನಪಿದೆ, ಅದಕ್ಕೆ ಪರಿಹಾರವೂ ಲೆಕ್ಕ ಹಾಕಲಾಯಿತು. ಮಕ್ಕಳ ಒಳಗೆ ಏನು ಕುಸಿಯಿತು ಎಂದು ಆಮೇಲೆ ಯಾರು ಕೇಳಿದರು? "ಇಷ್ಟು ವರ್ಷವಾಯಿತು, ಇನ್ನೂ ಏನು ಹೆದರಿಕೆ, ಕೊಡಗಿನ ಹುಡುಗ ಮಳೆಗೆ ಹೆದರುತ್ತಾನಾ" ಎಂದು ಅವನ ಮೇಷ್ಟ್ರೇ ನಕ್ಕಿದ್ದಾರೆ. ಸಿಸ್ಟರ್, ಇಷ್ಟು ತಡವಾದ ಮೇಲೆ ಚಿಕಿತ್ಸೆಯಿಂದ ಪ್ರಯೋಜನ ಇದೆಯೇ?

ತಾಲ್ಲೂಕು ಆಸ್ಪತ್ರೆಯ ಸಿಸ್ಟರ್:

ಖಂಡಿತ ಇದೆ. ದುರಂತ ಕಳೆದು ವರ್ಷಗಳಾದರೂ ಅದೇ ಸದ್ದು, ಅದೇ ವಾಸನೆ ಬಂದಾಗ ದೇಹ ಅಂದಿನಂತೆಯೇ ನಡುಗುವುದು ಗುರುತಿರುವ ಕಾಯಿಲೆ, ಅದಕ್ಕೆ ಮಾತಿನ ಚಿಕಿತ್ಸೆಯೇ ಮುಖ್ಯ. ತಮ್ಮನನ್ನು ಮುಂದಿನ ಮಳೆಗಾಲಕ್ಕೆ ಮೊದಲೇ ಕರೆದುಕೊಂಡು ಹೋಗಿ, ಜೂನ್ ಬರಲಿ ಎಂದು ಕಾಯಬೇಡಿ. ತಗಡಿನ ಚಾವಣಿಯ ಕೋಣೆಯಿಂದ ಆ ತರಗತಿಯನ್ನು ಬೇರೆ ಕೋಣೆಗೆ ಬದಲಿಸಲು ಶಾಲೆಯಲ್ಲಿ ಕೇಳಿ. ಇಡೀ ತರಗತಿ ಹೋದರೆ ಅವನೊಬ್ಬನ ಮೇಲೆ ಬೆರಳು ಬರುವುದಿಲ್ಲ. ವಿಡಿಯೊ ಹಂಚಿದ್ದನ್ನು ಸುಮ್ಮನೆ ಬಿಡಬೇಡಿ, 1098 ಮಕ್ಕಳ ಸಹಾಯವಾಣಿಗೆ ತಿಳಿಸಿ.

ನಿವೃತ್ತ ಸುಬೇದಾರ್:

ಮಕ್ಕಂದೂರಿನ ತಮ್ಮಾ, ಗುಂಡಿನ ಸದ್ದು ಕೇಳಿ ಬಂದ ಜವಾನರೂ ಪಟಾಕಿಗೆ ಬೆಚ್ಚುವುದನ್ನು ಕಂಡವನು ನಾನು. ನಿನ್ನ ತಮ್ಮ ಹೇಡಿಯಲ್ಲ ಎಂದು ಅವನಿಗೆ ಹೇಳು.

ಇನ್ನೊಂದು ವಿಷಯ ಯಾರೂ ಎತ್ತಲಿಲ್ಲ. ಜನರಲ್ ತಿಮ್ಮಯ್ಯ, ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಹುಟ್ಟಿದ ನಾಡು ಇದು. ಮಗ ಸೇನೆಗೆ ಸೇರಲಿ ಎಂದು ಆಸೆಪಡುವ ಮನೆಗಳು ಎಷ್ಟೋ ಇವೆ. ಕಾಗದದಲ್ಲಿ ಮನೋವೈದ್ಯರ ಹೆಸರು ಬಂದರೆ ಎನ್‌ಡಿಎ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ವೈದ್ಯಕೀಯ ಪರೀಕ್ಷೆಯಲ್ಲಿ ತೊಡಕಾಗುತ್ತದೆ ಎಂದು ಚಿಕಿತ್ಸೆಯನ್ನೇ ಮುಂದೂಡುತ್ತಾರೆ. ಆ ಭಯ ಪೂರ್ತಿ ಸುಳ್ಳಲ್ಲ, ಮಾನಸಿಕ ಕಾಯಿಲೆಯ ಹಿಂದಿನ ಚರಿತ್ರೆಯನ್ನು ಅಲ್ಲಿ ಗಣನೆಗೆ ತೆಗೆದುಕೊಳ್ಳುತ್ತಾರೆ. ಆದರೆ ಮದ್ದಿಲ್ಲದೆ ಹುಡುಗನನ್ನು ಅಕಾಡೆಮಿಗೆ ದೂಡಿದರೆ ಅಲ್ಲಿನ ಒತ್ತಡ ಅವನನ್ನು ಮುರಿಯುತ್ತದೆ. ಸೇನೆಯ ಆಸ್ಪತ್ರೆಗಳಲ್ಲೇ ಮನೋವೈದ್ಯರಿದ್ದಾರೆ. ಸಮವಸ್ತ್ರ ಸಿಗದಿದ್ದರೆ ಬದುಕಲು ಬೇರೆ ನೂರು ಕೆಲಸ ಇದೆ, ಮಗ ಬೇಕಲ್ಲ? ಶಾಲೆಗೆ ತಿಳಿದಿರಬೇಕು ಎಂಬ ನನ್ನ ಮಾತು ಈಗಲೂ ಅದೇ. ಮೇಷ್ಟ್ರು ಹೇಳಿದ "ಇಬ್ಬರಿಗೆ ಮಾತ್ರ" ಎಂಬ ಕ್ರಮ ಸೇನೆಯಲ್ಲೂ ಚೆನ್ನಾಗಿ ನಡೆಯುತ್ತದೆ.

ಆಶ್ರಮ ಶಾಲೆಯ ಶಿಕ್ಷಕಿ:

ಇಲ್ಲಿಯವರೆಗೆ ನಾವು ಮಾತನಾಡಿದ್ದು ಮನೆಹೆಸರಿರುವ, ಬಸ್ ಹತ್ತಿ ಮೈಸೂರಿಗೆ ಹೋಗಬಲ್ಲ ಮಕ್ಕಳ ಬಗ್ಗೆ. ನನ್ನ ತರಗತಿಯಲ್ಲಿ ಹಾಡಿಗಳಿಂದ, ಅಂದರೆ ಬುಡಕಟ್ಟಿನವರ ಕೇರಿಗಳಿಂದ ಬಂದ ಯರವ, ಜೇನು ಕುರುಬ ಮಕ್ಕಳು ಇದ್ದಾರೆ. ತೋಟದ ಕಾರ್ಮಿಕರ ಲೈನ್ ಮನೆಗಳಿಂದ ಬರುವವರೂ ಇದ್ದಾರೆ. ಅವರ ಖಿನ್ನತೆಯನ್ನು ಅಪಹಾಸ್ಯ ಮಾಡುವವರೇ ಇಲ್ಲ, ಯಾಕೆಂದರೆ ಅದನ್ನು ಖಿನ್ನತೆ ಎಂದು ಯಾರೂ ಒಪ್ಪುವುದೇ ಇಲ್ಲ. ಹುಡುಗಿ ವಾರಗಟ್ಟಲೆ ಬಾಯಿಬಿಡದಿದ್ದರೆ "ಅವರು ಇರುವುದೇ ಹಾಗೆ". ಹಾಸ್ಟೆಲ್ ಬಿಟ್ಟು ಹೋದರೆ "ಹಾಡಿ ನೆನಪಾಯಿತು, ಓಡಿಹೋದಳು". ಹಾಜರಿ ಪುಸ್ತಕದಲ್ಲಿ ದೀರ್ಘ ಗೈರು ಎಂದು ಬರೆದು ಮುಗಿಸುತ್ತಾರೆ. ಮನೆಯಲ್ಲಿ ಅಪ್ಪನ ಕುಡಿತ, ಚಿಕ್ಕ ವಯಸ್ಸಿನ ಮದುವೆಯ ಮಾತು, ತರಗತಿಯಲ್ಲಿ ತನ್ನ ಭಾಷೆಗೆ ನಗುವ ಮಕ್ಕಳು, ಇಷ್ಟು ಹೊತ್ತ ಮಗು ಮೌನವಾದರೆ ಅದು ಜಾತಿಯ ಗುಣ ಎನ್ನುತ್ತಾರೆ. ಇದಕ್ಕಿಂತ ದೊಡ್ಡ ಕಳಂಕ ಬೇರೆ ಏನಿದೆ?

ಕನ್ನಡ ಮಾತ್ರ ಬಲ್ಲ ಆಪ್ತಸಮಾಲೋಚಕರ ಎದುರು ನನ್ನ ಮಕ್ಕಳು "ಹೂಂ", "ಇಲ್ಲ" ಬಿಟ್ಟು ಬೇರೆ ಏನೂ ಹೇಳುವುದಿಲ್ಲ. ಅವರದೇ ಹಾಡಿಯಿಂದ ಓದಿ ಬಂದ ಅಂಗನವಾಡಿ ಕಾರ್ಯಕರ್ತೆ ಪಕ್ಕದಲ್ಲಿ ಕೂತ ದಿನ ಒಂದು ಹುಡುಗಿ ಎಲ್ಲವನ್ನೂ ಹೇಳಿದಳು, ಅತ್ತಳು, ಆಮೇಲೆ ಊಟ ಮಾಡಿದಳು. ವಕೀಲರು ಹೇಳಿದ ಮಾರ್ಗಸೂಚಿ ಜಾರಿಗೆ ಬರುವಾಗ ಇಂತಹವರನ್ನು ಹುಡುಕಿ ತರಬೇತಿ ಕೊಡಲಿ ಎಂಬುದು ನನ್ನ ಬೇಡಿಕೆ.

ಸೋಮವಾರಪೇಟೆ ಕಡೆಯ ತಾಯಿ:

ಮೇಡಂ, ನಿಮ್ಮ ಬರಹ ಓದಿ ಬಹಳ ಹೊತ್ತು ಸುಮ್ಮನೆ ಕೂತೆ. ಶಿಕ್ಷಕಿಯನ್ನು ಕಂಡೆ. ಮಗಳೂ ಜೊತೆಗೆ ಬಂದಳು. ತಾನೇ ಬರೆದುಕೊಂಡು ಹೋದ ಚೀಟಿ ಓದಿದಳು: "ಯಾರಾದರೂ ಕೇಳಿದರೆ ನಾನೇ ಹೇಳುತ್ತೇನೆ, ನೀವು ಹೇಳಬೇಡಿ. ನನ್ನನ್ನು ಮೊದಲಿನ ಬೆಂಚಿನಲ್ಲೇ ಕೂರಿಸಿ." ಶಿಕ್ಷಕಿ ಒಪ್ಪಿದರು. ಮುಖ್ಯೋಪಾಧ್ಯಾಯಿನಿಗೆ ಪತ್ರ ಕೊಟ್ಟಿದ್ದೇನೆ, ಉತ್ತರ ಇನ್ನೂ ಬಂದಿಲ್ಲ. ಬೆಂಚು ಬದಲಿಸಿದ ಆ ತಾಯಿಯ ಹತ್ತಿರ ಮಾತನಾಡುವ ಧೈರ್ಯ ನನಗೆ ಇನ್ನೂ ಬಂದಿಲ್ಲ.

ದ್ವಿತೀಯ ಪಿಯು, ವಿರಾಜಪೇಟೆ:

ಸಿಸ್ಟರ್, ನನಗೆ ಒಂದು ಪ್ರಶ್ನೆ ಇದೆ. ನನ್ನ ಗೆಳತಿಯೊಬ್ಬಳು ಮನೆಯಲ್ಲಿ ಹೇಳಲು ಬಹಳ ಹೆದರುತ್ತಾಳೆ. ಅವಳು 14416 ಮಾನಸಿಕ ಆರೋಗ್ಯ ಸಹಾಯವಾಣಿಗೆ ಫೋನ್ ಮಾಡಿದರೆ ಮನೆಗೆ ಗೊತ್ತಾಗುತ್ತದೆಯೇ? ಹಣ ಕಟ್ ಆಗುತ್ತದೆಯೇ? ಕನ್ನಡದಲ್ಲಿ ಮಾತನಾಡುತ್ತಾರೆಯೇ?

ತಾಲ್ಲೂಕು ಆಸ್ಪತ್ರೆಯ ಸಿಸ್ಟರ್:

ಹಣ ಹೋಗುವುದಿಲ್ಲ, ಅದು ಉಚಿತ. ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತನಾಡಬಹುದು. ಟೆಲಿ ಮಾನಸ್ ಎಂದು ಅದರ ಹೆಸರು, ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರುಮಾಡಿದ್ದು. ಆಸ್ಪತ್ರೆಯ ಬೆಂಚಿನ ಮೇಲೆ ಕೂರಬೇಕಿಲ್ಲ, ಯಾರೂ ನೋಡುವುದಿಲ್ಲ, ನಮ್ಮಂತಹ ಊರಿಗೆ ಹೇಳಿ ಮಾಡಿಸಿದಂತಿದೆ. ಅವಳು ಹೇಳಿದ್ದನ್ನು ಸುಮ್ಮನೆ ಮನೆಯವರಿಗೆ ಹೇಳುವುದಿಲ್ಲ. ಆದರೆ ನಿನಗೆ ನಿಜ ಹೇಳಬೇಕು ಮಗು: ಅವಳ ಜೀವಕ್ಕೆ ಅಪಾಯ ಇದೆ ಎನಿಸಿದರೆ ಒಬ್ಬ ದೊಡ್ಡವರನ್ನು ಸೇರಿಸಿಕೊಳ್ಳಲೇಬೇಕಾಗುತ್ತದೆ. 18 ತುಂಬದವರಿಗೆ ಮಾತ್ರೆ ಬೇಕಾದರೆ ಪೋಷಕರ ಒಪ್ಪಿಗೆಯೂ ಬೇಕು. ಅದನ್ನು ಅವಳಿಗೆ ಮೊದಲೇ ತಿಳಿಸು, ಆಮೇಲೆ ಮೋಸವಾಯಿತು ಎಂದು ಅನಿಸಬಾರದು.

ಮೊದಲ ಸಲ ಫೋನ್ ಮಾಡುವಾಗ ಮಾತು ಹೊರಡದಿದ್ದರೆ ನೀನು ಪಕ್ಕದಲ್ಲಿ ಕೂತಿರು. ಒಂದು ಸಾಲು ಬರೆದುಕೊಂಡು ಓದಿದರೂ ಆಗುತ್ತದೆ, ಉಳಿದದ್ದನ್ನು ಅವರು ಕೇಳಿ ತಿಳಿದುಕೊಳ್ಳುತ್ತಾರೆ. ಈ ರಾತ್ರಿಯೇ ಅವಳು ತೀರಾ ಕುಗ್ಗಿದ್ದಾಳೆ ಎನಿಸಿದರೆ ಅವಳನ್ನು ಒಬ್ಬಳನ್ನೇ ಬಿಡಬೇಡ, ನಿನ್ನ ಅಮ್ಮನನ್ನು ಕರೆ. ಗೆಳತಿಗೆ ಕೊಟ್ಟ ಮಾತು ಮುರಿದಂತೆ ಅನಿಸಬಹುದು, ಆದರೂ ಕರೆ.